ನೇಕಾರರ ಮುಂದೆ ನೂಲಿನ ಜಾದು

ಗಂಡನನ್ನು ಒಂದು ಮಾತು ಕೇಳದೆ ಶೇವಂತಿ ಅವನ ಹೆಸರು ಹೇಳಿಬಿಟ್ಟಿದ್ದಳು. ಹೇಳಿದ್ದಾದರೂ ಎಲ್ಲಿ? ಬನಹಟ್ಟಿಯ ಹೆಣ್ಣುಮಕ್ಕಳ ಸಾಲೆಯಲ್ಲಿ, ಹದಿನೈದು ಮಂದಿ ಹೆಂಗಸರ ನಡುವೆ ಎದ್ದು ನಿಂತು.

ರಾಜರ ಆಳ್ವಿಕೆ ಮುಗಿದು ಊರು ಮುಂಬಯಿ ಸರಕಾರದ ಕೈಗೆ ಬಂದು ಆರು ವರ್ಷವಾಗಿತ್ತು. ದೊಡ್ಡವರಿಗೂ ಓದುಬರಹ ಕಲಿಸಬೇಕೆಂದು ಸರಕಾರ ಹೇಳಿದ್ದೇ ತಡ, ಸಾಲೆಯಲ್ಲಿ ಕಲಿಸುವ ತುಳಸಾಬಾಯಿ ಅಕ್ಕಾವರು ನೇಕಾರರ ಓಣಿಯ ಮನೆಮನೆ ತಿರುಗಿ ಹೆಂಗಸರನ್ನು ಕೂಡಿಸಿದರು. ದಿನಾ ಮಧ್ಯಾಹ್ನದ ಮೇಲೆ ಒಂದು ತಾಸು ಪಾಠ. ಅಕ್ಕಾವರು ಜಮಖಂಡಿಯವರು, ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನೋಡನೋಡುತ್ತ ವರ್ಷ ತುಂಬಿತು. ಬರುವ ಅಮಾವಾಸ್ಯೆಗೆ ಊರಿನ ಮಗ್ಗಗಳಿಗೆಲ್ಲ ಬಿಡುವು. ಅಂದು ಸಾಲೆಯ ಅಂಗಳದಲ್ಲಿ ಹೆಂಗಸರು ಒಬ್ಬೊಬ್ಬರಾಗಿ ನಿಂತು ಊರ ಮುಂದೆ ಪಾಠ ಓದಬೇಕೆಂದು ಅವರು ಗೊತ್ತುಮಾಡಿದರು. ಅವರಿಗೆ ಇದ್ದ ಚಿಂತೆ ಒಂದೇ. ಹೆಂಡಂದಿರು ಓದುವುದನ್ನು ಕೇಳಲು ಗಂಡಸರು ಎದ್ದು ಬರುತ್ತಾರೆಯೆ?

“ಏನರ ಮೋಜಿನ ಸಂಗತಿ ಇದ್ರ ಬರ್ತಾರ. ನಿಮ್ಮ ಓಣ್ಯಾಗ ಹಾಡವರು, ಸೋಗು ಹಾಕವರು ಯಾರರ ಅದಾರೇನ್ರಿ?” ಎಂದು ಕೇಳಿದರು.

ಶೇವಂತಿಯ ಬಾಯಿ ತಡೆಯಲಿಲ್ಲ. “ನಮ್ಮನಿಯವರಿಗೆ ಜಾದು ಬರ್ತೈತ್ರಿ ಅಕ್ಕಾರ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ರಾಚಪ್ಪನಿಗೆ ಜಾದು? ಎದುರಿಗೆ ಯಾರು ಸಿಕ್ಕರೂ ನೆಲ ನೋಡಿಕೊಂಡು ಸರಿದುಹೋಗುವ ರಾಚಪ್ಪನಿಗೆ? ಆ ನಗು ಶೇವಂತಿಗೆ ನಾಟಿತು. “ಅಮಾಸಿ ದಿನ ಬಂದ್ ನೋಡ್ರಿ, ಆಮ್ಯಾಲ ನಗೂವಂತ್ರಿ,” ಎಂದವಳೇ ಧಪ್ಪನೆ ಕೂತಳು. ಅಕ್ಕಾವರು ಅಷ್ಟರಲ್ಲಿ ಹೆಸರು ಬರೆದುಕೊಂಡಾಗಿತ್ತು.

ಆಕೆ ಹೇಳಿದ್ದೇನೂ ಸುಳ್ಳಲ್ಲ. ಮದುವೆಗೆ ಮೊದಲು ರಾಚಪ್ಪ ಮೂರು ವರ್ಷ ಸೊಲ್ಲಾಪುರದ ಗಿರಣಿಯಲ್ಲಿ ದುಡಿದಿದ್ದ. ಅಲ್ಲಿ ಅವನ ಖೋಲಿಯಲ್ಲಿದ್ದವನು ಗುಲಾಬ ಎಂಬ ಮುದುಕ. ಹರೆಯದಲ್ಲಿ ಜಾದು ಕಂಪನಿಯೊಂದರ ಜೊತೆ ಊರೂರು ತಿರುಗಿ, ಕಂಪನಿ ಮುರಿದ ಮೇಲೆ ಗಿರಣಿ ಸೇರಿದವನು. ಪಾಳಿ ಮುಗಿಸಿ ಬಂದು ಚಾಪೆಯ ಮೇಲೆ ಕೂತಾಗ ಅವನು ತನ್ನ ಆಟಗಳನ್ನು ಒಂದೊಂದಾಗಿ ರಾಚಪ್ಪನ ಕೈಗೆ ದಾಟಿಸಿದ. ಹರಿದ ಎಳೆಯನ್ನು ಕಣ್ಣುಮುಚ್ಚಿ ಕೂಡಿಸುವ ನೇಕಾರನ ಬೆರಳುಗಳು ಬೇಗನೆ ಕಲಿತವು. ಮೂರು ಬಟ್ಟಲುಗಳ ಕೆಳಗೆ ಅಡಿಕೆ ಜಾಗ ಬದಲಿಸುವುದು, ವಸ್ತ್ರದೊಳಗಿನ ಉಂಗುರ ಮಾಯವಾಗುವುದು, ತುಂಡಾದ ನೂಲು ಇಡಿಯಾಗುವುದು. ಹೀಗೆ ಏಳು ಆಟ.

ಊರಿಗೆ ಮರಳಿದ ಮೇಲೆ ಹದಿನೆಂಟು ವರ್ಷಗಳಲ್ಲಿ ಅವನ್ನು ಕಂಡವಳು ಶೇವಂತಿ ಒಬ್ಬಳೇ. ಮದುವೆಯ ಹೊಸತರಲ್ಲಿ ತವರು ನೆನಪಾಗಿ ಆಕೆ ಮೂಲೆ ಹಿಡಿದು ಕೂತಿದ್ದಾಗ, ಏನು ಹೇಳಬೇಕೋ ತಿಳಿಯದ ರಾಚಪ್ಪ ಆಕೆಯ ಕಿವಿಯ ಹಿಂದಿನಿಂದ ಒಂದು ಅಡಿಕೆ ತೆಗೆದು ಅಂಗೈಯಲ್ಲಿಟ್ಟಿದ್ದ. ಆಮೇಲೆ ಆಕೆಗೆ ಜ್ವರ ಬಂದಾಗ ಒಂದು ಆಟ, ಮುನಿಸಿಕೊಂಡಾಗ ಒಂದು ಆಟ, ಒಬ್ಬಳೇ ಮಗಳನ್ನು ಸಾವಳಗಿಗೆ ಮದುವೆ ಮಾಡಿ ಕಳಿಸಿದ ದಿನ ಸಾಲಾಗಿ ನಾಲ್ಕು ಆಟ. ಮೂರನೆಯವರು ಯಾರಾದರೂ ಬಾಗಿಲಲ್ಲಿ ಸುಳಿದರೆ ಸಾಕು, ಬಟ್ಟಲುಗಳು ನೆಲುವಿಗೆ ಹೋಗುತ್ತಿದ್ದವು.

ಶೇವಂತಿ ಮನೆಗೆ ಬಂದಾಗ ರಾಚಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆಯ ದಡಿ ನೇಯುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಗುರುಬಸವ್ವ ರಾಟಿ ತಿರುವುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸೊಸೆ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದು, ಕಡೆಗೆ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಲಾಳಿ ನಿಂತಿತು.

“ಒಲ್ಲೆ,” ಎಂದ ರಾಚಪ್ಪ.

“ಹೆಸರು ಬರಕೊಂಡಾರ್ರಿ.”

“ಅಳಿಸಾಕ ಹೇಳು. ಮಂದಿ ಮುಂದ ನಿಂದ್ರೂದು ನನ್ನ ಕಡಿಂದ ಆಗಂಗಿಲ್ಲ. ಅದೂ ನೇಕಾರ ಮಂದಿ ಮುಂದ ನೂಲಿನ ಆಟ! ಹುಟ್ಟಿದಾಗಿಂದ ನೂಲಾಗ ಕೈ ಇಟ್ಟವರು ಅವರು. ಹಿಡದ ಬಿಡತಾರ, ನಗಸಾಟ್ಲಿ ಆಕ್ಕೈತಿ.”

ಗುರುಬಸವ್ವನ ರಾಟಿಯೂ ನಿಂತಿತ್ತು. “ಹದಿನೆಂಟ ವರ್ಷ ನನ್ನ ಮನ್ಯಾಗ ಜಾದು ನಡದೈತಿ, ನನಗಽ ಗೊತ್ತಿಲ್ಲ! ಹೆಣ್ತಿಗೆ ತೋರಸ್ತಿ, ಹಡದಾಕಿಗೆ ತೋರಸೂದಿಲ್ಲ ಹೌದಿಲ್ಲೊ? ಎದ್ದ ಬಾ ಇತ್ತಾಗ. ಮಾಡು ನೋಡೂಣು.”

ತಾಯಿಯ ಮಾತು ಮೀರುವ ಧೈರ್ಯ ರಾಚಪ್ಪನಿಗೆ ಎಂದೂ ಇರಲಿಲ್ಲ. ಕುಣಿಯಿಂದ ಮೇಲೆ ಬಂದು ಒಂದು ಮೊಳ ಬಿಳಿ ನೂಲು ಹಿಡಿದ. ಹಲ್ಲಿನಿಂದ ನಾಲ್ಕು ತುಂಡು ಮಾಡಿದ, ತುಂಡುಗಳನ್ನು ಬೆರಳ ನಡುವೆ ಉಂಡೆಕಟ್ಟಿದ, ಉಫ್ ಎಂದು ಊದಿ ಎಳೆದ. ನೂಲು ಇಡಿಯಾಗಿ ಬಂತು.

“ಎಡಗೈ ಹೆಬ್ಬಟ್ಟಿನ ಹಿಂದ ಜ್ವಾಳದ ಕಾಳಿನಷ್ಟು ಒಂದ ಉಂಡಿ ಐತಿ,” ಎಂದಳು ಗುರುಬಸವ್ವ. “ಅವು ಹರದ ತುಂಡು. ಇದು ಬ್ಯಾರೆ ನೂಲು. ಮೊದಲಽ ಸುತ್ತಿ ಇಟಗೊಂಡಿದ್ದಿ.”

ರಾಚಪ್ಪ ನೂಲು ಕೆಳಗಿಟ್ಟು ಮತ್ತೆ ಕುಣಿಗೆ ಇಳಿದ. ಅಂದು ಉಣ್ಣುವಾಗಲೂ ಅದೇ ಯೋಚನೆ. ಅರವತ್ತೈದರ ಮುದುಕಿ, ಒಂದು ಕಣ್ಣಿಗೆ ಪೊರೆ ಬಂದವಳು, ಒಂದೇ ನೋಟಕ್ಕೆ ಹಿಡಿದಳಲ್ಲ! ಇಡೀ ಊರಿನ ಕಣ್ಣು ಎದುರಿಗಿದ್ದರೆ ಗತಿಯೇನು? ಗುಲಾಬ ಮುದುಕ ಕಲಿಸಿದ್ದು ಸುಳ್ಳಲ್ಲ, ಕಲಿತವನೇ ದಡ್ಡ. ಹೆಂಡತಿ ಇಷ್ಟು ವರ್ಷ ಬೆರಗಾಗುತ್ತಿದ್ದುದು ಬಹುಶಃ ಅವನ ಮನಸ್ಸಿಗೆ ನೋವಾಗದಿರಲಿ ಎಂದೇ ಇರಬೇಕು. ಹೀಗೆ ಒಂದಕ್ಕೊಂದು ಸೇರಿಸುತ್ತ ಹೋದವನಿಗೆ ತನ್ನ ನೇಯ್ಗೆಯ ಮೇಲೂ ಸಂಶಯ ಬಂದು, ಮಾರನೆಯ ದಿನ ಸೀರೆಯನ್ನು ಎರಡು ಸಲ ಬಿಚ್ಚಿ ನೋಡಿದ.

ಮಧ್ಯಾಹ್ನ ತಾನೇ ಹೋಗಿ ಅಕ್ಕಾವರಿಗೆ ಹೇಳಿಬರುವುದೆಂದು ಟೊಪ್ಪಿಗೆ ಹಾಕಿಕೊಂಡು ಹೊರಟ. ಸಾಲೆಯ ಬಾಗಿಲ ತನಕ ಹೋದ. ಒಳಗೆ ಪಾಠ ನಡೆದಿತ್ತು. ಯಾರೋ ಓದುತ್ತಿದ್ದರು. ಅಕ್ಷರಕ್ಕೊಮ್ಮೆ ನಿಲ್ಲುವ, ನಡುಗುವ, ಸಣ್ಣ ಮಗುವಿನಂಥ ದನಿ. “ನಮ್ಮ... ಊರಿನ... ಬಾ... ಬಾವಿ...” ಅದು ಶೇವಂತಿಯ ದನಿ ಎಂದು ತಿಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು. ಓಣಿಯ ಆ ತುದಿಗೆ ಕೇಳುವಂತೆ ಕಾಯಿಪಲ್ಲೆಯವರ ಜೊತೆ ಜಗಳಾಡುವ ತನ್ನ ಹೆಂಡತಿಯ ದನಿ. ಒಳಗೆ ಯಾರೋ ಕಿಸಕ್ಕನೆ ನಕ್ಕರು. ಅಕ್ಕಾವರು ಗದರಿದರು. ಶೇವಂತಿ ಮತ್ತೆ “ನಮ್ಮ” ಎಂಬಲ್ಲಿಂದ ಶುರುಮಾಡಿದಳು.

ರಾಚಪ್ಪ ಬಾಗಿಲು ತಟ್ಟದೆ ಹಿಂತಿರುಗಿದ.

ಸಂಜೆ ರೊಟ್ಟಿ ಬಡಿಯುತ್ತ ಕೂತವಳ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ. “ನನ್ನ ಹೆಸರು ಯಾಕ ಹೇಳಿದಿ? ಖರೆ ಹೇಳು.”

ಶೇವಂತಿ ರೊಟ್ಟಿಯ ಅಂಚು ತಿರುವಿದಳು. “ನಾನೂ ಅವತ್ತ ನಿಂತ ಓದಬೇಕ್ರಿ. ನೆನಿಸಿಕೊಂಡ್ರ ಅಂಜಿಕಿ ಬರತೈತಿ. ನೀವೂ ಅಲ್ಲೆ ನಿಂತಿರತೀರಿ ಅಂದ್ರ ನಾ ಒಬ್ಬಾಕಿ ಅಲ್ಲ ಅಂತ ಅನಸ್ತು. ಕೇಳದಽ ಹೇಳಿದ್ದು ತಪ್ಪಾತು. ಬ್ಯಾಡಂದ್ರ ನಾಳೆ ಅಕ್ಕಾರಿಗೆ ಹೇಳತೇನಿ.”

ರಾಚಪ್ಪ ಒಲೆಯೊಳಗಿನ ಕೆಂಡ ಸರಿಮಾಡಿದ. ಸರಿಮಾಡುವಂಥದ್ದೇನೂ ಇರಲಿಲ್ಲ. “ಹೇಳಬ್ಯಾಡ,” ಎಂದು ಎದ್ದುಹೋದ.

ಒಳಗಿನ ಕೋಣೆಯಿಂದ ಗುರುಬಸವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಬೆಳಗ್ಗೆ ಮಗ್ಗಕ್ಕೆ ಇಳಿಯುವ ಮೊದಲೇ ಮಗನನ್ನು ಹಿಡಿದು ಕೂಡಿಸಿದಳು. ಹತ್ತು ಸಲ ಮಾಡಿಸಿದಳು, ಹತ್ತು ಸಲವೂ ಹಿಡಿದಳು. ಹನ್ನೊಂದನೆಯ ಸಲಕ್ಕೆ ರಾಚಪ್ಪ ನೂಲನ್ನು ಚೆಲ್ಲಿ, “ನಿನ್ನ ಕಣ್ಣಿಗೆ ಹೆಂಗ ಬೀಳತೈತಿ ಯವ್ವಾ ಅದು?” ಎಂದು ರೇಗಿದ.

“ನನ್ನ ಕಣ್ಣಿಗೆ ಎಲ್ಲಿ ಬೀಳತೈತಿ? ನಿನ್ನ ಕಣ್ಣಽ ತೋರಸತಾವು. ಉಂಡಿ ಎಲ್ಲಿ ಐತೋ ಅಲ್ಲೇ ನೋಡ್ಕೋತ ಕುಂತಿರತಿ. ನೀ ಎಲ್ಲಿ ನೋಡತಿ, ನಾನೂ ಅಲ್ಲೇ ನೋಡತೇನಿ. ತಲಿ ಎತ್ತಿ ನನ್ನ ಮಾರಿ ನೋಡಿದ್ರ ನಾನೂ ನಿನ್ನ ಮಾರಿ ನೋಡತಿದ್ದೆ.”

ರಾಚಪ್ಪನಿಗೆ ಸೊಲ್ಲಾಪುರದ ಖೋಲಿ ನೆನಪಾಯಿತು. ಗುಲಾಬ ಮುದುಕ ಆಟ ತೋರಿಸುವಾಗ ಎಂದೂ ಕೈ ನೋಡಿಕೊಂಡದ್ದಿಲ್ಲ. ನಗುತ್ತ, ರೇಗಿಸುತ್ತ, ನೋಡುವವನ ಕಣ್ಣಿನಲ್ಲೇ ಕಣ್ಣಿಟ್ಟಿರುತ್ತಿದ್ದ. ಅದನ್ನು ರಾಚಪ್ಪ ಮುದುಕನ ಸ್ವಭಾವವೆಂದು ತಿಳಿದಿದ್ದನೇ ಹೊರತು ಆಟದ ಭಾಗವೆಂದು ತಿಳಿದಿರಲಿಲ್ಲ. ಬೆರಳಿನದನ್ನೆಲ್ಲ ಕಲಿತು ಕಣ್ಣಿನದನ್ನು ಅಲ್ಲೇ ಬಿಟ್ಟುಬಂದಿದ್ದ.

ಆದರೆ ಮೂವತ್ತು ವರ್ಷ ಎಳೆಗಳನ್ನು ನೋಡಿಕೊಂಡೇ ಬಗ್ಗಿದ ಕುತ್ತಿಗೆ ಒಂದು ದಿನಕ್ಕೆ ನೆಟ್ಟಗಾದೀತೆ? ಅತ್ತೆ ಸೊಸೆ ಕೂಡಿ ಉಪಾಯ ಮಾಡಿದರು. ಸೋಮವಾರ ಅವನ ಕೈಗೆ ಚೀಲ ಕೊಟ್ಟು ರಬಕವಿಯ ಸಂತೆಗೆ ಕಳಿಸಿದರು. ಬದನೆಕಾಯಿ ತರಬೇಕು, ಮಾರುವವರ ಮುಖ ನೋಡಿಯೇ ದರ ಕೇಳಬೇಕು. ರಾಚಪ್ಪ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋಗಿ, ಒಬ್ಬ ಮುದುಕಿಯ ಎದುರು ನಿಂತು, ದಿಟ್ಟಿಸಿ ನೋಡಿದ. ಎಷ್ಟು ದಿಟ್ಟಿಸಿದನೆಂದರೆ ಕೇಳಬೇಕಾದ ಮಾತೇ ಮರೆತುಹೋಯಿತು.

“ಯಾಕಪ್ಪಾ, ನನ್ನ ಗುರ್ತ ಐತೇನು ನಿನಗ?” ಎಂದು ಆಕೆ ಕೇಳಿದಳು.

“ಇಲ್ಲಬೇ ಯವ್ವಾ. ಬದನಿಕಾಯಿ.”

“ಎಷ್ಟು?”

“ಎಲ್ಲಾ,” ಎಂದುಬಿಟ್ಟ ಗಾಬರಿಯಲ್ಲಿ.

ಮೂರು ದಿನ ಮನೆಯಲ್ಲಿ ಬದನೆಯ ಎಣಗಾಯಿಯೇ. ಗುರುಬಸವ್ವ ಬೈಯುತ್ತ ಉಂಡಳು, ಶೇವಂತಿ ನಗುತ್ತ ಬಡಿಸಿದಳು. ಆದರೂ ರಾಚಪ್ಪ ಮರುದಿನ ಬಾವಿಯ ಹತ್ತಿರ ಇಬ್ಬರ ಮುಖ ನೋಡಿ ಮಾತಾಡಿಸಿದ. ಅದರ ಮರುದಿನ ಎಣ್ಣೆ ಅಂಗಡಿಯಲ್ಲಿ ಮೂವರನ್ನು. ನೋಡಿದವರೆಲ್ಲ ತನ್ನನ್ನು ತಿಂದುಬಿಡುವುದಿಲ್ಲ, ಹೆಚ್ಚಿನವರು ತಿರುಗಿ ನಗುತ್ತಾರೆ ಎಂಬುದು ಅವನಿಗೆ ಆ ವಯಸ್ಸಿನಲ್ಲಿ ಹೊಸ ಸುದ್ದಿಯಾಗಿತ್ತು.

ಅಮಾವಾಸ್ಯೆ ಬಂತು. ನಾಲ್ಕು ಗಂಟೆಗೆ ಸಾಲೆಯ ಅಂಗಳ ತುಂಬಿತು. ಜಾದು ಇದೆಯೆಂಬ ಸುದ್ದಿಗೆ ಅಕ್ಕಾವರು ಎಣಿಸಿದ್ದಕ್ಕಿಂತ ಇಮ್ಮಡಿ ಗಂಡಸರು ಬಂದಿದ್ದರು. ಮುಂದಿನ ಸಾಲಿನಲ್ಲಿ ಕೋಲೂರಿ ಕೂತಿದ್ದವನು ಸಾತಪ್ಪ ಕಾಕಾ. ಅರವತ್ತು ವರ್ಷ ಮಗ್ಗದಲ್ಲಿ ಕೂತವನು. ಬೇರೆಯವರು ನೇಯ್ದ ಸೀರೆಯಲ್ಲಿ ಉಗುರಾಡಿಸಿ ಎಲ್ಲಿ ಎಳೆ ಹರಿದಿತ್ತು, ಎಲ್ಲಿ ಗಂಟು ಹಾಕಿದೆ ಎಂದು ಹೇಳುತ್ತಿದ್ದವನು. ಅವನನ್ನು ಕಂಡದ್ದೇ ರಾಚಪ್ಪ ಹಿಂದೆ ಸರಿದ. ಗೋಡೆಯ ಮಗ್ಗುಲಿಗೆ ಹೋಗಿ ಬೆನ್ನು ಹಚ್ಚಿ ನಿಂತ. ಪಕ್ಕದ ಬೇಲಿಯಲ್ಲಿ ಒಂದು ಕಿಂಡಿ ಇತ್ತು. ಅದರಲ್ಲಿ ತೂರಿ ಮನೆ ಸೇರಲು ಎಷ್ಟು ಹೊತ್ತು ಬೇಕು ಎಂದು ಅಳೆದೂ ನೋಡಿದ.

ಹೆಂಗಸರು ಓದತೊಡಗಿದರು. ಆರನೆಯವಳು ಶೇವಂತಿ. ಇಲಕಲ್ಲ ಸೀರೆಯ ಸೆರಗು ಬಿಗಿಯಾಗಿ ಹೊದ್ದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಎರಡು ಸಾಲು ಸರಿಯಾಗಿ ಹೋದವು. ಮೂರನೆಯದರಲ್ಲಿ ಒಂದು ಒತ್ತಕ್ಷರ ಅಡ್ಡ ಬಂತು. ನಿಂತಳು. ಇನ್ನೊಮ್ಮೆ ಬಾಯಿ ತೆರೆದಳು, ದನಿ ಹೊರಡಲಿಲ್ಲ. ಹಿಂದಿನಿಂದ ಯಾವನೋ, “ಮನ್ಯಾಗ ಮಾತಾಡೂದ ಬ್ಯಾರೆ, ಪುಸ್ತಕ ಬ್ಯಾರೆ,” ಎಂದ. ಗಂಡಸರು ನಕ್ಕರು.

ಅವಳು ಅಳುತ್ತಾಳೆ, ಪುಸ್ತಕ ಇಟ್ಟು ಓಡಿಬರುತ್ತಾಳೆ ಎಂದುಕೊಂಡ ರಾಚಪ್ಪ. ಬೇಲಿಯ ಕಿಂಡಿಯನ್ನು ಅವಳಿಗೂ ತೋರಿಸಬೇಕು ಎಂದುಕೊಂಡ. ಶೇವಂತಿ ಓಡಲಿಲ್ಲ. ಒಮ್ಮೆ ಮೂಗೊರೆಸಿಕೊಂಡಳು. ಬೆರಳನ್ನು ಸಾಲಿನ ಮೊದಲಿಗೆ ತಂದಿಟ್ಟು, “ಈ ಸಾಲು ಮೊದಲಿಂದ ಓದತೇನ್ರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಓದಿದಳು. ಒತ್ತಕ್ಷರ ಈ ಸಲ ಬಿಟ್ಟುಕೊಟ್ಟಿತು. ಎಂಟೂ ಸಾಲು ಮುಗಿಸಿ, ಪುಸ್ತಕ ಮುಚ್ಚಿ, ಬೆವರಿನಲ್ಲಿ ತೊಯ್ದು ಬಂದು ಗಂಡನ ಪಕ್ಕ ನಿಂತಳು.

“ಛಲೋ ಓದಿದಿ,” ಎಂದ ರಾಚಪ್ಪ.

“ನಡುವ ನಿಂತೆನಲ್ರಿ.”

“ನಾನೂ ಕೇಳೇನಿ. ಛಲೋ ಓದಿದಿ.”

ಅಷ್ಟರಲ್ಲಿ ಅಕ್ಕಾವರು ಅವನ ಹೆಸರು ಕೂಗಿದರು.

ಮೇಜಿನ ಹಿಂದೆ ಹೇಗೆ ಹೋಗಿ ನಿಂತನೋ ಅವನಿಗೆ ನೆನಪಿಲ್ಲ. ಮೂರು ಬಟ್ಟಲು ಬೋರಲು ಹಾಕಿದ. ಅಡಿಕೆಯನ್ನು ಒಂದರ ಕೆಳಗಿಟ್ಟ. ಬಟ್ಟಲು ಸರಿಸುವಾಗ ಬೆರಳ ನಡುವೆ ಅಡಗಿಸಿದ್ದ ಅಡಿಕೆ ಜಾರಿ ಟಕ್ಕನೆ ಮೇಜಿನ ಮೇಲೆ ಬಿತ್ತು, ಅಲ್ಲಿಂದ ನೆಲಕ್ಕೆ, ನೆಲದಿಂದ ಉರುಳುತ್ತ ಸಾತಪ್ಪ ಕಾಕಾನ ಕಾಲ ಬಳಿಗೆ.

ಅಂಗಳವೆಲ್ಲ ನಕ್ಕಿತು. ರಾಚಪ್ಪನ ತಲೆ ತಾನಾಗಿ ಕೆಳಗಾಯಿತು. ಬೇಲಿ ಹತ್ತು ಹೆಜ್ಜೆ ದೂರ. ಆದರೆ ಗೋಡೆಯ ಬಳಿ, ಈಗಷ್ಟೇ ಇದೇ ನಗುವಿನೆದುರು ನಿಂತು ಬಂದವಳು, ಅವನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಅಯ್ಯೋ ಎಂಬುದಿರಲಿಲ್ಲ. ಮುಂದೇನು ಮಾಡುತ್ತಾನೆ ಎಂದು ಕಾಯುತ್ತಿದ್ದಳು, ಅಷ್ಟೆ.

ಅವನು ತಲೆ ಎತ್ತಿದ.

“ಮೊದಲಿಂದ ಮಾಡತೇನ್ರಿ,” ಎಂದ. ದನಿ ಒಡೆದಿತ್ತು, ಆದರೆ ಹೊರಟಿತು. “ಕೈ ನಡುಗಾಕತ್ತಾವ್ರಿ. ಇಷ್ಟ ಮಂದಿ ಮುಂದ ನಾ ಎಂದೂ ನಿಂತಿಲ್ಲ. ಸಾತಪ್ಪ ಕಾಕಾ, ಆ ಅಡಕಿ ಈಟ ಕೊಡ್ರಿ.”

ಜನ ಮತ್ತೆ ನಕ್ಕರು. ಈ ಸಲದ ನಗು ಬೇರೆಯಾಗಿತ್ತು. ಸಾತಪ್ಪ ಅಡಿಕೆಯನ್ನು ಧೋತರಕ್ಕೆ ಒರೆಸಿ ಕೊಟ್ಟ. ರಾಚಪ್ಪ ಮೊದಲ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಟ್ಟಲು ಆಡಿಸಿದ. ಬೆರಳುಗಳಿಗೆ ಅವನ ಕಣ್ಣು ಬೇಕಾಗಿರಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ ತಾನೇ ನಡೆಯಿತು. ಅಡಿಕೆ ಇಲ್ಲಿದೆ ಎಂದವರಿಗೆ ಅಲ್ಲಿ ಸಿಕ್ಕಿತು, ಅಲ್ಲಿದೆ ಎಂದವರಿಗೆ ಎಲ್ಲೂ ಸಿಗಲಿಲ್ಲ. ಉಂಗುರವೂ ಮಾಯವಾಯಿತು. ಹುಡುಗಿಯರು ಕೂಗಿದರು, ಸಿಳ್ಳೆಗಳು ಬಿದ್ದವು.

ಆಮೇಲೆ ಅವನು ನೂಲು ತೆಗೆದ.

ಸದ್ದಡಗಿತು. ಇದು ಅವರ ವಸ್ತು, ಅವರ ಅನ್ನ. ಕೂತವರೆಲ್ಲ ಮುಂದಕ್ಕೆ ಬಾಗಿದರು. ರಾಚಪ್ಪ ತಾನಾಗಿ ಸಾತಪ್ಪನನ್ನು ಕರೆದು ನೂಲನ್ನು ಅವನ ಕೈಗೇ ಕೊಟ್ಟ. ಮುದುಕ ಉಗುರಿನಿಂದ ತುದಿತನಕ ನೀವಿ, “ಇಡೀ ಐತಿ,” ಎಂದು ಸಾರಿ, ತನ್ನ ಉಳಿದ ನಾಲ್ಕು ಹಲ್ಲಿನಿಂದ ನಾಲ್ಕು ತುಂಡು ಮಾಡಿದ. ರಾಚಪ್ಪ ತುಂಡುಗಳನ್ನು ಉಂಡೆಕಟ್ಟಿದ, ಊದಿದ, ಎಳೆದ. ನೂಲು ಬಂತು, ಉದ್ದಕ್ಕೆ, ಬೆಳ್ಳಗೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ಸಾತಪ್ಪನ ಮಾತಿಗೆ ಕಾದರು. ಮುದುಕ ನೂಲನ್ನು ಉಗುರಿನ ನಡುವೆ ಹಿಡಿದು ಗೇಣುಗೇಣಾಗಿ ಎಳೆದ. ಗಂಟಿಲ್ಲ, ಹೊಸೆದ ಗುರುತಿಲ್ಲ. ಹುಬ್ಬು ಗಂಟಾಯಿತು. ನೂಲನ್ನು ಬಿಟ್ಟು ಅವನ ದೃಷ್ಟಿ ನಿಧಾನವಾಗಿ ರಾಚಪ್ಪನ ಎಡಗೈ ಕಡೆಗೆ ಹೊರಳತೊಡಗಿತು. ಹೆಬ್ಬೆರಳ ಹಿಂದೆ ಹರಿದ ತುಂಡುಗಳ ಉಂಡೆ ಕೆಂಡದಂತೆ ಸುಡುತ್ತಿತ್ತು. ಕೈ ನೋಡಿಕೊಳ್ಳಬೇಕೆಂಬ ಆಸೆ ರಾಚಪ್ಪನ ಕುತ್ತಿಗೆಯನ್ನು ಹಿಡಿದು ಬಗ್ಗಿಸುತ್ತಿತ್ತು. ಬಗ್ಗಲಿಲ್ಲ. ಮುದುಕನ ಮುಖಕ್ಕೆ ಮುಖ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು, ತುಂಬಿದ ದನಿಯಲ್ಲಿ ಕೇಳಿದ:

“ಕಾಕಾ, ಗಂಟು ಸಿಕ್ಕಿತೇನ್ರಿ?”

ಸಾತಪ್ಪ ತಲೆ ಎತ್ತಿ ಅವನ ಮುಖ ನೋಡಿದ. ಆ ಹೊತ್ತಿಗೆ ಎಡಗೈ ಅಂಗಿಯ ಕಿಸೆಗೆ ಹೋಗಿ ಬಂದಿತ್ತು.

“ಇಲ್ಲೋ,” ಎಂದ ಸಾತಪ್ಪ. ಜನರ ಕಡೆ ತಿರುಗಿ ಇನ್ನೂ ಜೋರಾಗಿ, “ಇಲ್ರೆಪಾ! ಗಂಟು ಇಲ್ಲ! ಮಗ್ಗದಾಗ ಹರದ ಎಳಿ ಹಿಂಗ ಕೂಡಿದ್ರ ಎಷ್ಟ ಛಲೋ ಆಗತಿತ್ತು!” ಎಂದು ಕೂಗಿದ.

ಅಂಗಳ ಎದ್ದು ನಿಂತಿತು. ಹಿಂದಿನಿಂದ ಮಾತಾಡಿದ್ದ ಗಂಡಸು ಕೂಡ ಟೊಪ್ಪಿಗೆ ಹಾರಿಸಿದ. ಗುರುಬಸವ್ವ ಹೆಂಗಸರ ನಡುವೆ ಕೂತು ಅಕ್ಕಪಕ್ಕದವರಿಗೆ, “ಹೆಂಗ ಮಾಡ್ತಾನೋ ನನಗೂ ತಿಳೀವಲ್ದವಾ,” ಎಂದು ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದಳು. ತುಳಸಾಬಾಯಿ ಅಕ್ಕಾವರು ಕಣ್ಣೊರೆಸಿಕೊಂಡು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೊಗಳಿದರು. ಸಿಟ್ಟಿಲ್ಲದೆಯೂ ಅವರು ಎರಡೂ ಭಾಷೆ ಆಡಿದ್ದನ್ನು ಆ ದಿನವೇ ಎಲ್ಲರೂ ಕಂಡದ್ದು. ಮುಂದಿನ ವಾರ ವರ್ಗಕ್ಕೆ ಹೊಸದಾಗಿ ಹನ್ನೊಂದು ಹೆಂಗಸರು ಬಂದರು. ಅವರಲ್ಲಿ ಏಳು ಮಂದಿಯನ್ನು ಅವರ ಗಂಡಂದಿರೇ ಕಳಿಸಿದ್ದರು.

ರಾಚಪ್ಪನ ಭಯ ಅಂದಿಗೇ ಮುಗಿಯಿತೆಂದರೆ ಸುಳ್ಳಾಗುತ್ತದೆ. ಎರಡು ತಿಂಗಳ ಮೇಲೆ ಅಕ್ಕಾವರ ಗೆಳತಿಯೊಬ್ಬರು ಮುಧೋಳದ ತಮ್ಮ ಸಾಲೆಗೆ ಕರೆಸಿದಾಗ, ಹಿಂದಿನ ದಿನವೆಲ್ಲ ಅವನಿಗೆ ಊಟ ಸೇರಲಿಲ್ಲ, ಬಸ್ಸಿನಲ್ಲಿ ಮಹಾಲಿಂಗಪುರ ದಾಟುವ ತನಕ “ಹೊಳ್ಳಿ ಹೋಗೂಣೇನು?” ಎಂದು ಮೂರು ಸಲ ಕೇಳಿದ. ಶೇವಂತಿ ಮೂರು ಸಲವೂ “ಹೋಗೂಣಂತ, ಆಟ ಮುಗದ ಮ್ಯಾಲ,” ಎಂದಳು. ಅಲ್ಲೂ ಮೊದಲ ಆಟಕ್ಕೆ ಕೈ ನಡುಗಿತು. ನಡುಗುವ ಕೈಯನ್ನೇ ಮಕ್ಕಳಿಗೆ ತೋರಿಸಿ ನಗಿಸಿ, ಮುಂದುವರಿದ.

ಆಟ ಮುಗಿಸಿ ಇಬ್ಬರೂ ಘಟಪ್ರಭೆಯ ದಂಡೆಗೆ ಇಳಿದರು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಉಂಡರು. ಶೇವಂತಿ ಸೀರೆಯನ್ನು ಮೊಳಕಾಲಿಗೆ ಎತ್ತಿ ನೀರಲ್ಲಿ ಕಾಲಿಟ್ಟಳು. ರಾಚಪ್ಪನೂ ಧೋತರ ಮೇಲೆತ್ತಿ ಕಟ್ಟಿ ಪಕ್ಕದಲ್ಲಿ ಕೂತ. ಎದುರಿಗೆ ಯಾರೋ ಎಮ್ಮೆಗಳ ಮೈ ತೊಳೆಯುತ್ತಿದ್ದರು. ಸಾಲೆಯ ಮಕ್ಕಳು ಏನೇನು ಕೇಳಿದರು, ಯಾರು ಬಾಯಿ ತೆರೆದುಕೊಂಡು ನೋಡಿದರು ಎಂದು ರಾಚಪ್ಪ ಹೇಳತೊಡಗಿದ. ಹೇಳುತ್ತಲೇ ಇದ್ದ. ಅವನು ಅಷ್ಟು ಮಾತಾಡಿದ್ದನ್ನು ಶೇವಂತಿ ಮದುವೆಯಾದಂದಿನಿಂದ ಕೇಳಿರಲಿಲ್ಲ. ಮೇಲೆ ರಸ್ತೆಯಲ್ಲಿ ಊರಿಗೆ ಮರಳುವ ತಮ್ಮ ಬಸ್ಸು ಹಾರ್ನ್ ಮಾಡಿಕೊಂಡು ಹೊರಟದ್ದು ಕೇಳಿಸಿದರೂ ಅವಳು ಅವನ ಮಾತು ತಡೆಯಲಿಲ್ಲ.